ನಾಯಿನ ಮನೇಲಿ ಒಂದನ್ನೇ ಬಿಟ್ಟು ಹೋಗೋದು ಹೇಗೆ? ಅನುಭವ ಇರೋವ್ರು ಹೇಳಿ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗಳೂರಲ್ಲಿ, ಅಪಾರ್ಟ್‌ಮೆಂಟ್, ಮೂರನೇ ಮಹಡಿ. ನಮ್ಮ ಹುಡುಗಿ ಎರಡು ವರ್ಷದ ಇಂಡಿ, ಅಂದ್ರೆ ದೇಸಿ ನಾಯಿ, ಮರಿ ಇದ್ದಾಗ ರೋಡಿಂದ ಎತ್ಕೊಂಡು ಬಂದಿದ್ದು. ಇಷ್ಟು ದಿನ ನಂದು ವರ್ಕ್ ಫ್ರಮ್ ಹೋಮ್ ಇತ್ತು, ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರ್ಲೇಬೇಕು ಅಂತಿದಾರೆ. ಬಾಗಿಲು ಹಾಕಿದ ತಕ್ಷಣ ಊಳಿಡೋಕೆ ಶುರು ಮಾಡ್ತಾಳೆ, ಬಾಗಿಲು ಪರಚಿ ಪರಚಿ ಉಗುರಲ್ಲಿ ರಕ್ತ, ಹಾಲ್ ತುಂಬಾ ಉಚ್ಚೆ. ಪಕ್ಕದ ಮನೆಯವ್ರು ಅಸೋಸಿಯೇಷನ್‌ಗೆ ಕಂಪ್ಲೇಂಟ್ ಕೊಟ್ಟಿದಾರೆ. ಕೇಜಲ್ಲಿ ಹಾಕಿ ಹೋಗಿ ಅಂತ ಒಬ್ರು, ಇನ್ನೊಂದು ನಾಯಿ ತನ್ನಿ ಅಂತ ಇನ್ನೊಬ್ರು. ಏನ್ ಮಾಡ್ಲಿ ಗೊತ್ತಾಗ್ತಿಲ್ಲ.

ಉತ್ತರ, ಮೈಸೂರಿಂದ:
ಕೇಜ್ ಬೇಡ, ದಯವಿಟ್ಟು ಬೇಡ. ಉಗುರಲ್ಲಿ ರಕ್ತ ಬರೋವರೆಗೂ ಪರಚ್ತಾಳೆ ಅಂದ್ರೆ ಅದು ತುಂಟಾಟ ಅಲ್ಲ, ಹಠನೂ ಅಲ್ಲ, ಸಿಕ್ಕಾಪಟ್ಟೆ ಗಾಬರಿ. ಗಾಬರಿಯಾದ ನಾಯಿನ ಕಂಬಿ ಒಳಗೆ ಹಾಕಿದ್ರೆ ಕಂಬಿ ಕಚ್ಚಿ ಹಲ್ಲು ಮುರ್ಕೊಳ್ಳತ್ತೆ. ಬೇರೆ ದಿನ ಖುಷಿಯಾಗಿ ಕೇಜಲ್ಲಿ ಮಲಗೋ ನಾಯಿಗಳೂ ಒಂಟಿಯಾಗಿದ್ದಾಗ ಹಾಗೆ ಮಾಡ್ತವೆ.

ನಮ್ಮ ಗಂಡು ನಾಯಿಗೂ ಇದೇ ಇತ್ತು, ಈಗ ಅರ್ಧ ದಿನ ಆರಾಮಾಗಿ ಮಲಗಿರ್ತಾನೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಒಂದು ಹಳೇ ಫೋನ್ ಇಟ್ಟು ವಿಡಿಯೋ ಮಾಡಿ. ನೀವು ಹೋದ್ಮೇಲೆ ಎಷ್ಟು ಹೊತ್ತಿಗೆ ಶುರು ಮಾಡ್ತಾಳೆ ಅನ್ನೋದು ಗೊತ್ತಾಗ್ಬೇಕು. ಗಾಬರಿ ಇರೋ ನಾಯಿಗಳು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆ ಒಳಗೇ ಶುರು ಮಾಡ್ತವೆ. ಕೂಗೋದಕ್ಕೂ ಮುಂಚೆನೇ ಸಣ್ಣ ಸಣ್ಣ ಲಕ್ಷಣ ಇರತ್ತೆ, ಅತ್ತಿಂದಿತ್ತ ಓಡಾಡೋದು, ಏದುಸಿರು ಬಿಡೋದು, ಜೊಲ್ಲು ಸುರಿಸೋದು, ಸುಮ್ ಸುಮ್ನೆ ಆಕಳಿಸೋದು, ತುಟಿ ನೆಕ್ಕೋದು. ಇನ್ನೊಂದು ಟೆಸ್ಟ್, ಅವಳಿಗೆ ಪ್ರಾಣ ಅನ್ನೋ ಅಂಥ ತಿಂಡಿ ಇಟ್ಟು ಹೋಗಿ, ಬೇಯಿಸಿದ ಚಿಕನ್ನೋ ಮೊಟ್ಟೆನೋ. ವಾಪಸ್ ಬಂದಾಗ ಅದು ಹಾಗೇ ಇದ್ದು, ನೀವು ಒಳಗೆ ಬಂದ್ಮೇಲೆ ಗಬಗಬ ತಿಂದ್ರೆ, ಅಷ್ಟು ಹೊತ್ತೂ ಭಯದಲ್ಲೇ ಇದ್ಲು ಅಂತ ಲೆಕ್ಕ.

ಉಚ್ಚೆ ನೋಡಿ ಬೈಬೇಡಿ. ಕಿವಿ ಕೆಳಗೆ ಹಾಕಿ ತಪ್ಪು ಮಾಡ್ದೋರ ಥರ ನೋಡುತ್ತಲ್ಲ, ಅದನ್ನ ನೋಡಿನೇ ಎಲ್ರೂ ಅದಕ್ಕೆ ಗೊತ್ತು ಬೇಕಂತಲೇ ಮಾಡಿದೆ ಅಂತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದಾರೆ, ನಾಯಿ ತಪ್ಪು ಮಾಡಿದ್ರೂ ಮಾಡ್ದೇ ಇದ್ರೂ ಯಜಮಾನ್ರು ಬೈದಾಗ ಆ ಮುಖ ಜಾಸ್ತಿ ಬರತ್ತೆ. ಅಂದ್ರೆ ಅದು ನಮ್ಮ ಕೋಪಕ್ಕೆ ಹೆದರಿರೋ ಮುಖ. ಬೈದ್ರೆ ನೀವು ಹೋಗೋದೂ ಭಯ, ವಾಪಸ್ ಬರೋದೂ ಭಯ ಅಂತಾಗತ್ತೆ ಪಾಪ.

ಈಗ ಕಷ್ಟದ ವಿಷಯ. ಟ್ರೈನಿಂಗ್ ನಡೆಯೋಷ್ಟು ದಿನ ಅವಳು ತಡ್ಕೊಳ್ಳೋದಕ್ಕಿಂತ ಜಾಸ್ತಿ ಹೊತ್ತು ಒಂಟಿ ಬಿಡ್ಲೇಬಾರ್ದು. ಬೆಳಿಗ್ಗೆ ಒಂದು ನಿಮಿಷ ಅಭ್ಯಾಸ ಮಾಡಿಸಿ ಆಮೇಲೆ ಎಂಟು ಗಂಟೆ ಬಿಟ್ಟು ಹೋದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡ್ದಂಗೆ. ಆಗಲ್ಲ ಅನ್ಸತ್ತೆ, ನನಗೂ ಹಾಗೇ ಅನ್ಸಿತ್ತು, ಆದ್ರೆ ಮೂರು ದಿನ ತಾನೇ, ಒಂದೊಂದಕ್ಕೆ ಒಂದೊಂದು ದಾರಿ ನೋಡಿ. ನಮ್ಮ ಅತ್ತೆ ವಾರಕ್ಕೊಂದು ದಿನ ಬರ್ತಿದ್ರು, ಅಡುಗೆಗೆ ಬರೋ ಅಕ್ಕನಿಗೆ ಅವನು ಅಂದ್ರೆ ಇಷ್ಟ ಇತ್ತು, ಅವ್ರಿಗೆ ಜಾಸ್ತಿ ದುಡ್ಡು ಕೊಟ್ಟು ಮಧ್ಯಾಹ್ನದವರೆಗೂ ಇರಿ ಅಂತ ಕೇಳ್ಕೊಂಡ್ವಿ, ಉಳಿದ ದಿನ ಡೇ ಬೋರ್ಡಿಂಗ್, ಅಂದ್ರೆ ಹಗಲು ಹೊತ್ತು ನಾಯಿ ನೋಡ್ಕೊಳ್ಳೋ ಜಾಗ. ಹೆಚ್ಚಿನ ನಾಯಿಗಳಿಗೆ ಇಂಥವ್ರೇ ಬೇಕು ಅಂತೇನಿರಲ್ಲ, ಯಾರೋ ಒಬ್ರು ಮನೇಲಿದ್ರೆ ಸಾಕು.

ಅಭ್ಯಾಸ ಎಲ್ಲಿಂದ ಶುರು ಅಂದ್ರೆ, ಬೀಗದ ಕೈ ಸದ್ದಿಂದ. ಶೂ ಹಾಕೋದು, ಲ್ಯಾಪ್‌ಟಾಪ್ ಬ್ಯಾಗ್ ಎತ್ತೋದು, ಹೆಲ್ಮೆಟ್ ತಗೊಳ್ಳೋದು, ಇವೆಲ್ಲ ಅವಳಿಗೆ ಗಂಟೆ ಹೊಡೆದ ಹಾಗೆ. ದಿನದಲ್ಲಿ ಯಾವಾಗ್ಯಾವಾಗ್ಲೋ ಕೀ ಎತ್ಕೊಂಡು ಅಡುಗೆ ಮನೆಗೆ ಹೋಗಿ ಕಾಫಿ ಮಾಡಿ, ಶೂ ಹಾಕ್ಕೊಂಡು ಸೋಫಾ ಮೇಲೆ ಕೂತು ಫೋನ್ ನೋಡಿ. ಕೀ ಸದ್ದಿಗೆ ತಲೆನೂ ಎತ್ತದ ಹಾಗೆ ಆದ್ಮೇಲೆ ಬಾಗಿಲು. ಬಾಗಿಲು ತೆಗೆದು ಹಾಕಿ. ಆಮೇಲೆ ಆಚೆ ಕಾಲಿಟ್ಟು ಒಳಗೆ ಬನ್ನಿ. ಆಮೇಲೆ ಬಾಗಿಲು ಹಾಕ್ಕೊಂಡು ಐದು ಸೆಕೆಂಡ್. ಕೂಗೋಕೆ ಮುಂಚೆ, ಇನ್ನೂ ಆರಾಮಾಗಿರುವಾಗಲೇ ವಾಪಸ್ ಬರ್ಬೇಕು. ಇದ್ರಲ್ಲಿ ಇರೋ ಗುಟ್ಟೆಲ್ಲಾ ಇಷ್ಟೇ. ಫೋನಲ್ಲಿ ವಿಡಿಯೋ ಕಾಲ್ ಹಾಕ್ಕೊಂಡು ಮೆಟ್ಟಿಲ ಹತ್ರ ನಿಂತ್ಕೊಂಡು ನೋಡ್ತಾ ಇರಿ, ಆಕಳಿಕೆ ಓಡಾಟ ಕಂಡ್ರೆ ಆವತ್ತಿಗೆ ಜಾಸ್ತಿ ಆಯ್ತು ಅಂತ, ನಾಳೆ ಕಮ್ಮಿ ಮಾಡಿ.

ಪ್ರತಿ ಸಲ ಏರಿಸ್ತಾನೇ ಹೋಗ್ಬೇಡಿ, ಒಂದು ನಿಮಿಷ, ಆಮೇಲೆ ಇಪ್ಪತ್ತು ಸೆಕೆಂಡ್, ಆಮೇಲೆ ಒಂದೂವರೆ ನಿಮಿಷ, ಹೀಗೆ. ದಿನಕ್ಕೆ ಒಂದೇ ಸಲ ಸಾಕು, ವಾರಕ್ಕೆ ಒಂದೆರಡು ದಿನ ರಜ. ಮೊದಲ ಅರ್ಧ ಗಂಟೆವರೆಗೆ ತಲುಪೋದೇ ದೊಡ್ಡ ಗುಡ್ಡ. ನಮ್ಮವನು ಅದನ್ನ ದಾಟೋಕೆ ತಿಂಗಳುಗಟ್ಟಲೆ ತಗೊಂಡ, ಅದಾದ್ಮೇಲೆ ಒಂದು ಗಂಟೆ ಎರಡು ಗಂಟೆ ಬೇಗ ಬೇಗ ಬಂತು. ಹೋಗ್ವಾಗ ಮುದ್ದು ಮಾಡ್ಬಾರ್ದು, ಮಾತಾಡಿಸ್ಬಾರ್ದು ಅಂತ ತುಂಬಾ ಜನ ಹೇಳ್ತಾರೆ, ನಾನು ದಿನಾ ತಲೆ ಸವರಿ ಬರ್ತೀನಿ ಕಣೋ ಅಂತ ಹೇಳೇ ಹೋಗೋದು, ಅದ್ರಿಂದ ಏನೂ ಕೆಟ್ಟಿಲ್ಲ.

ಉತ್ತರ, ಧಾರವಾಡದಿಂದ:
ಮ್ಯಾಲಿನವ್ರು ಹೇಳಿದ್ದು ಖರೇ ಅದ. ಆದ್ರ ಎಲ್ಲಾ ನಾಯಿಗೂ ಗಾಬರಿನೇ ಇರ್ತದ ಅಂತಲ್ರಿ. ನಮ್ದು ಮುಧೋಳ ನಾಯಿ, ಓಡಾಕಂತನ ಹುಟ್ಟಿದ ಜಾತಿ ಅದು. ನಾವು ಹೊರಗ ಹೋದ್ವಿ ಅಂದ್ರ ದಿಂಬು ಹರಿಯೂದು, ಚಪ್ಪಲಿ ಕಡಿಯೂದು, ಆದ್ರ ಇಟ್ಟಿದ್ದ ಊಟ ಖಾಲಿ ಮಾಡಿ ನಡುವ ನಿದ್ದಿನೂ ಹೊಡೀತಿತ್ತು. ವಿಡಿಯೋ ನೋಡಿದ ಮ್ಯಾಲ ತಿಳೀತು, ಅದಕ್ಕ ಬ್ಯಾಸರ ಅಷ್ಟ. ಮುಂಜಾನೆ ಬಿಸಿಲು ಏರೂದ್ರೊಳಗ ಬಯಲಿಗೆ ಕರ್ಕೊಂಡು ಹೋಗಿ ಓಡಿಸಿ, ಬರುವಾಗ ಹಗ್ಗ ಸಡಿಲ ಬಿಟ್ಟು ಎಷ್ಟು ಮೂಸ್ತದ ಅಷ್ಟು ಮೂಸಾಕ ಬಿಡ್ತೀವ್ರಿ. ನಾಯಿಗೆ ಮೂಸೂದು ಅಂದ್ರ ನಮಗ ಪೇಪರ್ ಓದಿದಂಗ. ಆಮ್ಯಾಲ ಅನ್ನ ಮೊಸರು ಕಲಸಿ, ಉಪ್ಪು ಹಾಕದ, ಸ್ಟೀಲ್ ಬಟ್ಟಲದಾಗ ಒತ್ತಿ ರಾತ್ರಿನ ಫ್ರೀಜರ್‌ನ್ಯಾಗ ಇಟ್ಟಿರ್ತೀವಿ, ಹೋಗ್ವಾಗ ಅದನ್ನ ಕೊಡ್ತೀವಿ, ನೆಕ್ಕಿಕೋತ ಕುಂಡರ್ತದ. ತೆಂಗಿನ ಚಿಪ್ಪಿನ್ಯಾಗ ಕೊಡಬ್ಯಾಡ್ರಿ, ಕಡದು ಚೂರು ನುಂಗ್ತಾವ. ಬೇಯಿಸಿದ ಎಲುಬು, ದ್ರಾಕ್ಷಿ, ಉಳ್ಳಾಗಡ್ಡಿ ಇವೂ ಬ್ಯಾಡ.

ಉತ್ತರ, ಮಂಗಳೂರಿಂದ:
ನಮ್ಮ ಲ್ಯಾಬ್ರಡಾರ್ ಅಜ್ಜಿ ಉಂಟಲ್ಲ, ಅವಳಿಗೆ ಮೊದಲೆಲ್ಲ ಒಂಟಿ ಇರುವುದು ವಿಷಯವೇ ಆಗಿರಲಿಲ್ಲ, ವಯಸ್ಸಾದ ಮೇಲೆ ಒಮ್ಮೆಗೇ ಶುರುವಾಯ್ತು. ಡಾಕ್ಟರಿಗೆ ತೋರಿಸಿದಾಗ ಸೊಂಟದ ಗಂಟು ನೋವು. ನೋವಿಗೆ ಮದ್ದು ಶುರು ಮಾಡಿದ ಮೇಲೆ ಗಾಬರಿಯೂ ತುಂಬಾ ಇಳಿಯಿತು. ಹಾಗಾಗಿ ವಯಸ್ಸಾದ ನಾಯಿಯಲ್ಲಿ ಹೊಸದಾಗಿ ಶುರುವಾದರೆ ಮೊದಲು ದೇಹ ಪರೀಕ್ಷೆ ಮಾಡಿಸಿ. ಮನೆಯೊಳಗೆ ಉಚ್ಚೆ ಅಂದರೆ ಮೂತ್ರದ ಇನ್ಫೆಕ್ಷನ್ ಕೂಡ ಇರಬಹುದು, ನಿಮ್ಮ ಹುಡುಗಿಗೂ ಒಮ್ಮೆ ಟೆಸ್ಟ್ ಮಾಡಿಸಿದರೆ ಒಳ್ಳೇದು.

ಮತ್ತೆ ಮದ್ದಿನ ಬಗ್ಗೆ ಹೆದರಬೇಡಿ. ರಕ್ತ ಬರುವಷ್ಟು ಗಾಬರಿ ಇರುವ ನಾಯಿ ಏನನ್ನೂ ಕಲಿಯುವ ಸ್ಥಿತಿಯಲ್ಲೇ ಇರುವುದಿಲ್ಲ. ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್ ಅಂತ ಮದ್ದು ಉಂಟು, ಮನುಷ್ಯರಿಗೂ ಕೊಡುವಂಥದ್ದೇ. ಅಮೆರಿಕದಲ್ಲಿ ನಾಯಿಗಳ ಈ ತೊಂದರೆಗೆ ಅಂತಲೇ ಫ್ಲೂಆಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೂಡಲೇ ಕೆಲಸ ಮಾಡುವುದಿಲ್ಲ, ನಾಲ್ಕರಿಂದ ಆರು ವಾರ ಬೇಕು, ಜೊತೆಗೆ ಅಭ್ಯಾಸವೂ ಬೇಕು. ಡೋಸ್ ನಾಯಿಯ ತೂಕದ ಮೇಲೆ ಡಾಕ್ಟರೇ ಹೇಳಬೇಕು, ಮೆಡಿಕಲ್‌ನಿಂದ ನೀವೇ ತಂದು ಕೊಡುವುದು, ನಿಲ್ಲಿಸುವುದು ಎರಡೂ ಬೇಡ. ಬರೀ ಮಂಪರು ಬರಿಸುವ ಮದ್ದು ಕೊಟ್ಟರೆ ಮೈ ಮಾತ್ರ ಸುಮ್ಮನಾಗ್ತದೆ, ಭಯ ಒಳಗೆ ಹಾಗೇ ಇರ್ತದೆ, ಆ ವ್ಯತ್ಯಾಸ ಕೇಳಿಯೇ ತಗೊಳ್ಳಿ.

ಉತ್ತರ, ಬೆಂಗಳೂರಿಂದ:
ಎರಡನೇ ನಾಯಿ ಬಗ್ಗೆ ಮಾತ್ರ ಹೇಳ್ತೀನಿ. ಅವಳು ಅಳೋದು ನಿಮಗೋಸ್ಕರ, ನಾಯಿಗೋಸ್ಕರ ಅಲ್ಲ. ನಮ್ಮ ಅಕ್ಕ ಒಂದು ತಂದ್ಲು, ಒಂದು ಕೂಗ್ತಿದ್ದ ಜಾಗದಲ್ಲಿ ಎರಡು ಕೂಗೋ ಹಾಗಾಯ್ತು. ನಿಮಗೆ ನಿಜವಾಗ್ಲೂ ಇನ್ನೊಂದು ನಾಯಿ ಬೇಕು ಅನ್ಸಿದ್ರೆ ತನ್ನಿ, ಔಷಧಿ ಅಂತ ತರ್ಬೇಡಿ.

ಅಸೋಸಿಯೇಷನ್‌ಗೆ ಹೆದರಬೇಡಿ. ಅನಿಮಲ್ ವೆಲ್ಫೇರ್ ಬೋರ್ಡ್ ಆಫ್ ಇಂಡಿಯಾ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ನಾಯಿ ಸಾಕ್ಬಾರ್ದು ಅಂತ ಸಂಘದವ್ರು ನಿಷೇಧ ಹಾಕೋ ಹಾಗಿಲ್ಲ, ಬೊಗಳೋದನ್ನ ಕಾರಣ ಮಾಡ್ಕೊಂಡೂ ಇಲ್ಲ. ಆದ್ರೂ ಅದನ್ನ ಮುಖಕ್ಕೆ ಹಿಡಿಯೋದು ಕೊನೆಗಿರ್ಲಿ. ಪಕ್ಕದ ಮನೆಗೆ ಹೋಗಿ ಹೀಗ್ಹೀಗೆ ಟ್ರೈನಿಂಗ್ ಮಾಡ್ತಿದೀವಿ, ಸ್ವಲ್ಪ ಟೈಮ್ ಕೊಡಿ, ಕೂಗಿದ್ರೆ ನನಗೆ ಮೆಸೇಜ್ ಹಾಕಿ ಅಂತ ನಂಬರ್ ಕೊಡಿ. ಎಷ್ಟು ಹೊತ್ತು ಕೂಗ್ತು ಅನ್ನೋದು ಅವ್ರಿಂದಲೇ ಸರಿಯಾಗಿ ಗೊತ್ತಾಗತ್ತೆ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ವಿಡಿಯೋ ಮಾಡಿದೆ, ಬಾಗಿಲು ಹಾಕಿ ಒಂದು ನಿಮಿಷ ಆಗೋದ್ರೊಳಗೆ ಜೊಲ್ಲು ಸುರಿಸ್ತಾ ಓಡಾಡೋಕೆ ಶುರು ಮಾಡಿದ್ಲು, ನೋಡೋಕೇ ಆಗ್ಲಿಲ್ಲ. ನಾಳೆ ಡಾಕ್ಟರ್ ಹತ್ರ ಹೋಗ್ತಿದೀವಿ. ಅಮ್ಮ ಎರಡು ದಿನ ಬರ್ತೀನಿ ಅಂದಿದಾರೆ. ಇನ್ನೊಂದು ಡೌಟು, ದೀಪಾವಳಿ ಹತ್ರ ಬಂತಲ್ಲ, ಅಭ್ಯಾಸ ಈಗ್ಲೇ ಶುರು ಮಾಡ್ಲಾ, ಹಬ್ಬ ಮುಗೀಲಾ?

ಮೈಸೂರಿಂದ:
ಕೀ, ಶೂ, ಬ್ಯಾಗಿನ ಅಭ್ಯಾಸ ಈಗ್ಲೇ ಶುರು ಮಾಡಿ, ಅದಕ್ಕೆ ನೀವು ಮನೆ ಬಿಟ್ಟು ಹೋಗೋದೇ ಬೇಕಿಲ್ಲ. ಬಾಗಿಲಾಚೆ ಹೋಗೋದು ಮಾತ್ರ ಪಟಾಕಿ ಸದ್ದು ಪೂರ್ತಿ ನಿಂತ್ಮೇಲೆ. ಒಂಟಿಯಾಗಿದ್ದಾಗ ಒಂದು ಲಕ್ಷ್ಮಿ ಪಟಾಕಿ ಹೊಡೆದ್ರೂ ಎರಡು ಭಯನೂ ಒಟ್ಟಿಗೆ ಸೇರ್ಕೊಂಡು ಬಿಡತ್ತೆ. ಆ ಮೂರ್ನಾಲ್ಕು ರಾತ್ರಿ ಯಾರಾದ್ರೂ ಒಬ್ರು ಜೊತೇಲಿರಿ, ಕಿಟಕಿ ಹಾಕಿ ಪರದೆ ಎಳೀರಿ, ವಾಕಿಂಗ್ ಬೆಳಕಿದ್ದಾಗಲೇ ಮುಗ್ಸಿ, ಬೆಲ್ಟ್ ಬಿಚ್ಚಬೇಡಿ, ಹೆದರಿ ಓಡ್ಹೋದ್ರೆ ಹುಡುಕೋದು ಕಷ್ಟ. ನಾಳೆ ಡಾಕ್ಟರ್ ಹತ್ರ ಹೋದಾಗ ಆ ವಿಡಿಯೋ ತೋರಿಸಿ, ಹಬ್ಬದ ದಿನಕ್ಕೆ ಬೇರೆ ಮದ್ದು ಬೇಕಾ ಅಂತ ಆಗ್ಲೇ ಕೇಳಿ. ಡಾಕ್ಟರ್ ಏನಂದ್ರು ಅಂತ ಇಲ್ಲಿ ಹಾಕಿ, ನಾವೆಲ್ಲ ಕಾಯ್ತಿರ್ತೀವಿ.