ಅಪ್‌ಡೇಟ್: ವೆರೋ ಕೋಶಗಳು ಸೊರಗಲು ಕಾರಣ ಸಿಕ್ಕಿತು

ಡೆಂಗಿ ವೈರಸ್‌ಗೆಂದು ಲ್ಯಾಬ್‌ನಲ್ಲಿ ಬೆಳೆಸುತ್ತಿದ್ದ ವೆರೋ ಕೋಶಗಳು (ಮಂಗದ ಮೂತ್ರಪಿಂಡದಿಂದ ಬಂದವು) ಸೊರಗುತ್ತಿವೆ, ಪ್ಲಾಕ್‌ಗಳೂ (ವೈರಸ್ ಕೋಶಗಳನ್ನು ಕೊಂದಲ್ಲಿ ಮೂಡುವ ಖಾಲಿ ಮಚ್ಚೆಗಳು) ಸರಿಯಾಗಿ ಮೂಡುತ್ತಿಲ್ಲ ಅಂತ ಕೇಳಿದ್ದೆನಲ್ಲ, ಕಾರಣ ಮೈಕೋಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾದ ಸೋಂಕು! ಕೋಶಗಳ ಪೋಷಣೆಗೆ ಹಾಕುವ ಸೀರಮ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಪೆನಿಸಿಲಿನ್ ಜಾಸ್ತಿ ಹಾಕಿದ್ದೂ ದಂಡ. ಈ ಬ್ಯಾಕ್ಟೀರಿಯಾಗೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ತಡೆಯುವುದು ಆ ಭಿತ್ತಿ ಕಟ್ಟುವುದನ್ನೇ ಅಲ್ವಾ?

ಡಿಎನ್‌ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ ಬಣ್ಣ ಹಾಕಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ನೀಲಿ ನ್ಯೂಕ್ಲಿಯಸ್‌ನ ಹೊರಗೆ, ಏನೂ ಕಾಣಬಾರದ ಜಾಗದಲ್ಲಿ, ಧೂಳಿನಂಥ ಚುಕ್ಕೆಗಳು ಹೊಳೆಯುತ್ತಿದ್ದವು. ಪಿಸಿಆರ್‌ನಲ್ಲೂ ಖಚಿತವಾಯಿತು. ಬೇರೆ ಬ್ಯಾಕ್ಟೀರಿಯಾ ಬೆಳೆದರೆ ಕದಡುವ ಮೀಡಿಯಾ (ಕೋಶ ಬೆಳೆಸುವ ದ್ರವ) ಮಾತ್ರ ಕೊನೆವರೆಗೂ ತಿಳಿಯಾಗಿಯೇ ಇತ್ತು! ಬ್ಯಾಕ್ಟೀರಿಯಾ ತಡೆಯಲು ಬಳಸುವ 0.22 ಮೈಕ್ರಾನ್ ಫಿಲ್ಟರನ್ನೂ ಮೈಕೋಪ್ಲಾಸ್ಮಾ ದಾಟಬಲ್ಲದು ಅಂತ ಈಗಷ್ಟೇ ತಿಳಿಯಿತು.

ಫ್ಲಾಸ್ಕ್‌ಗಳನ್ನೆಲ್ಲ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆದೆವು. ಲಿಕ್ವಿಡ್ ನೈಟ್ರೋಜನ್‌ನಲ್ಲಿದ್ದ ಹಳೆಯ ಕೋಶಗಳ ವಯಲ್ (ಸಣ್ಣ ಸೀಸೆ) ತೆಗೆದು, ಪರೀಕ್ಷಿಸಿ ಬೆಳೆಸಿದೆವು. ಈಗ ಪ್ಲಾಕ್‌ಗಳು ದುಂಡಗೆ, ಸ್ಪಷ್ಟವಾಗಿ ಬರುತ್ತಿವೆ. ನಿಮ್ಮ ವೈರಸ್ ಸ್ಟಾಕನ್ನೂ ಮರೆಯದೆ ಟೆಸ್ಟ್ ಮಾಡಿಸಿ, ಸೋಂಕು ಅದರಿಂದಲೂ ವಾಪಸ್ ಬರುತ್ತದೆ.