ಮಹಿಳಾ ಮೀಸಲು ಹೋದ ವಾರ್ಡಿನಲ್ಲಿ ಮತ್ತೆ ನಿಲ್ಲಬೇಕೆಂದಿದ್ದೇನೆ: ಕೀನ್ಯಾದ ಪದ್ಧತಿ ಬಲ್ಲವರಿದ್ದರೆ ತಿಳಿಸಿ

ಪ್ರಶ್ನೆ: ಶ್ರೀನಿವಾಸಪುರದ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಸಾಮಾನ್ಯ ಮಹಿಳೆಗೆ ಮೀಸಲಾಗಿದ್ದ ಸ್ಥಾನದಿಂದ ಗೆದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಮಗಳಿಗೆ ಹತ್ತು ತಿಂಗಳು.

ಮೊದಲ ಸಾಮಾನ್ಯ ಸಭೆಯ ದಿನ ನಾವು ಆರು ಮಂದಿ ಹೆಣ್ಣುಮಕ್ಕಳು ಪಂಚಾಯಿತಿಯ ಜಗಲಿಯ ಮೇಲೆ ಕುಳಿತಿದ್ದೆವು. ಒಳಗೆ ಕುರ್ಚಿಗಳ ಮೇಲೆ ನಮ್ಮ ನಮ್ಮ ಮನೆಯವರಿದ್ದರು. ಪುಸ್ತಕ ಹೊರಗೆ ಬಂತು, ಸಹಿ ಹಾಕಿದೆವು, ಕಾಫಿ ಕುಡಿದು ಮನೆಗೆ ಹೋದೆವು. ಎರಡನೇ ಸಭೆಗೂ ಅಷ್ಟೇ. ಮೂರನೇ ಸಭೆಗೆ ಮಗಳನ್ನು ಸೊಂಟದಲ್ಲಿಟ್ಟುಕೊಂಡು ನೇರವಾಗಿ ಒಳಗೆ ಹೋಗಿ ಕುಳಿತೆ. ಯಾರೂ ಏಳು ಎನ್ನಲಿಲ್ಲ. ಆದರೆ ಕ್ರಿಯಾ ಯೋಜನೆ ಓದುವಾಗ ನನ್ನ ವಾರ್ಡಿನ ಚರಂಡಿಯ ವಿಷಯ ಬಂದರೂ ಎಲ್ಲರೂ ನನ್ನ ಗಂಡನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅವರೇ, "ಅವಳನ್ನು ಕೇಳಿ, ಸದಸ್ಯೆ ಅವಳು" ಎಂದರು. ಮುಂದಿನ ಸಭೆಯಿಂದ ಅವರು ಬರುವುದನ್ನೇ ನಿಲ್ಲಿಸಿದರು. ಆ ಮಾತಿಗೆ ನಾನು ಅವರಿಗೆ ಋಣಿ.

ಈ ಅವಧಿಯಲ್ಲಿ ಎರಡು ಬೀದಿಗೆ ಚರಂಡಿಯಾಯಿತು, ಅಂಗನವಾಡಿಗೆ ಸುತ್ತುಗೋಡೆ ಬಂತು. ಬೋರ್‌ವೆಲ್ ಮೋಟಾರ್ ಸುಟ್ಟರೆ ವಾರಗಟ್ಟಲೆ ಕಾಯುತ್ತಿದ್ದ ಊರಿಗೆ ಮೂರನೇ ದಿನಕ್ಕೆ ನೀರು ಬರುವ ಹಾಗಾಯಿತು. ಈಗ ಅವಧಿ ಮುಗಿಯುತ್ತ ಬಂದಿದೆ. ಮುಂದಿನ ಸಲ ನಮ್ಮ ವಾರ್ಡು ಸಾಮಾನ್ಯಕ್ಕೆ ಹೋಗುತ್ತದೆ ಎಂಬ ಮಾತು ಓಡಾಡುತ್ತಿದೆ. ಅಷ್ಟಕ್ಕೇ ನಮ್ಮ ದೊಡ್ಡಮಾವನವರಿಂದ ಹಿಡಿದು ನೀರುಗಂಟಿಯವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹೆಂಗಸರ ಸೀಟು ಮುಗಿಯಿತಲ್ಲಮ್ಮ, ಇನ್ನು ಬಿಡು." ನನಗೆ ಕೆಟ್ಟದ್ದನ್ನು ಬಯಸಿ ಅವರು ಹೀಗೆ ಹೇಳುತ್ತಿಲ್ಲ. ಅದೇ ನನಗೆ ಹೆಚ್ಚು ನೋವು.

ಮುಕ್ತ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಬೇರೊಂದು ದೇಶದ ಸ್ಥಳೀಯ ಸರ್ಕಾರದ ಬಗ್ಗೆ ಬರೆಯಬೇಕಿತ್ತು, ಕೀನ್ಯಾವನ್ನು ಆರಿಸಿಕೊಂಡೆ. ಅಲ್ಲಿನ 2010ರ ಸಂವಿಧಾನದ ಪ್ರಕಾರ ಚುನಾಯಿತ ಸಂಸ್ಥೆಗಳಲ್ಲಿ ಗಂಡಾಗಲಿ ಹೆಣ್ಣಾಗಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇರಬಾರದು. 2013ರಿಂದ ನಮ್ಮ ಜಿಲ್ಲೆಗಳ ಹಾಗೆ 47 ಕೌಂಟಿಗಳಿವೆ, ಪ್ರತಿ ಕೌಂಟಿಗೂ ಒಬ್ಬ ಚುನಾಯಿತ ಗವರ್ನರ್ ಮತ್ತು ಒಂದು ಚುನಾಯಿತ ಸಭೆ. ದೇಶಕ್ಕೆಲ್ಲ 1,450 ವಾರ್ಡುಗಳು, ಒಂದೂ ಮಹಿಳೆಗೆಂದು ಮೀಸಲಿಲ್ಲ. ಮತ ಎಣಿಕೆಯಾದ ಮೇಲೆ ಸಭೆಯಲ್ಲಿ ಹೆಂಗಸರು ಎಷ್ಟು ಕಡಿಮೆ ಬಿದ್ದರೋ ಅಷ್ಟು ಮಂದಿಯನ್ನು ಪಕ್ಷಗಳು ಮೊದಲೇ ಕೊಟ್ಟ ಪಟ್ಟಿಯಿಂದ ನಾಮನಿರ್ದೇಶನ ಮಾಡುತ್ತಾರೆ. ವಾರ್ಡಿನಲ್ಲಿ ಗಂಡಸರ ಎದುರು ನಿಂತು ಗೆದ್ದವರು 2013ರಲ್ಲಿ 82 ಮಂದಿ, 2017ರಲ್ಲಿ 96. ಈ ತೊಂಬತ್ತಾರು ಮಂದಿಯೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿದ್ದಾರೆ. ಇವರೆಲ್ಲ ನಮ್ಮ ಲೆಕ್ಕದಲ್ಲಿ ಸಾಮಾನ್ಯ ಸ್ಥಾನದಲ್ಲಿ ಗೆದ್ದ ಹಾಗೆ.

ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ? ಪಟ್ಟಿಯಿಂದ ಬಂದ ಹೆಂಗಸರ ಮಾತು ಸಭೆಯಲ್ಲಿ ನಡೆಯುತ್ತದೆಯೇ? ಮತ್ತೆ, ನಾನು ಸಾಮಾನ್ಯ ಸ್ಥಾನದಲ್ಲಿ ನಿಲ್ಲುವುದು ಸರಿಯೇ?

ಗುಬ್ಬಿಯ ನಿವೃತ್ತ ಕಾರ್ಯದರ್ಶಿ

ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಸಾಮಾನ್ಯ ಸ್ಥಾನ ಎಂದರೆ ಗಂಡಸರ ಸ್ಥಾನ ಎಂದು ಯಾವ ಕಾನೂನಿನಲ್ಲೂ ಇಲ್ಲ. ಅದು ಎಲ್ಲರದು. ಧೈರ್ಯವಾಗಿ ನಿಲ್ಲಿ.

ನಾನು ತುಮಕೂರು ಜಿಲ್ಲೆಯಲ್ಲಿ ಮಂಡಲ ಪಂಚಾಯಿತಿಯ ಕಾಲದಿಂದ ಕೆಲಸ ಮಾಡಿದವನು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಇತ್ತು, 1987ರಲ್ಲಿ ಚುನಾವಣೆಯೂ ಆಯಿತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಬಂದದ್ದು 1993ರಲ್ಲಿ. ನಮ್ಮಲ್ಲಿ ಅರ್ಧ ಪಾಲಾದದ್ದು 2010ರ ತಿದ್ದುಪಡಿಯಿಂದ. ಮೂರು ಕಾಲವನ್ನೂ ಮೇಜಿನ ಈಚೆ ಕುಳಿತು ನೋಡಿದ್ದೇನೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಡಾವಳಿ ಪುಸ್ತಕದಲ್ಲಿ ಪ್ರತಿ ಠರಾವಿನ ಕೆಳಗೆ ಸೂಚಕರು ಯಾರು, ಅನುಮೋದಕರು ಯಾರು ಎಂದು ಬರೆಯುತ್ತೇವೆ. ಹೆಂಗಸರು ನಿಮ್ಮ ಹಾಗೆಯೇ ಜಗಲಿಯ ಮೇಲೆ ಕುಳಿತಿರುವಾಗ ನಾನು "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದಿದ್ದೇನೆ. ಒಂದು ಸಲವಲ್ಲ, ವರ್ಷಾನುಗಟ್ಟಲೆ. ಸೂಚಕರ ಜಾಗದಲ್ಲಿ ಹೆಣ್ಣಿನ ಹೆಸರು ಬರೆದದ್ದು ಕೈಬೆರಳಲ್ಲಿ ಎಣಿಸುವಷ್ಟು. ಒಬ್ಬ ತಾಯಿ ಇದ್ದರು, ತೆಂಗಿನ ಗರಿ ಹೆಣೆದು ಬದುಕುತ್ತಿದ್ದವರು. ಪ್ರತಿ ಸಭೆಯ ಕೊನೆಗೆ, "ಈಗ ಬರೆದದ್ದನ್ನು ಗಟ್ಟಿಯಾಗಿ ಓದಿ" ಎನ್ನುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ಒಂದು ಹೆಸರು ತಪ್ಪಿದರೂ ಗೊತ್ತಾಗುತ್ತಿತ್ತು. ಅವರಿದ್ದ ಐದು ವರ್ಷ ನಾನು ಹುಷಾರಾಗಿ ಬರೆದೆ.

ನಿಮ್ಮ ಪಂಚಾಯಿತಿಯ ನಡಾವಳಿಯಲ್ಲಿ ನಿಮ್ಮ ಹೆಸರು ಸೂಚಕರಾಗಿ ಎಷ್ಟು ಸಲ ಬಂದಿದೆ, ನೋಡಿದ್ದೀರಾ? ಮತ ಕೇಳಲು ಹೋಗುವಾಗ ಕೈಯಲ್ಲಿ ಹಿಡಿಯಬೇಕಾದ ಕಾಗದ ಅದು.

ಚಿಂತಾಮಣಿ ರೈತ

ಅರ್ಧ ಸೀಟು ಈಗಾಗಲೇ ಹೆಣ್ಣುಮಕ್ಕಳಿಗೆ ಇದೆ. ಉಳಿದ ಅರ್ಧಕ್ಕೂ ಬಂದರೆ ಹತ್ತು ವರ್ಷ ಕಾದು ಕುಳಿತ ಹುಡುಗರು ಎಲ್ಲಿಗೆ ಹೋಗಬೇಕು? ದ್ವೇಷದಿಂದ ಕೇಳುತ್ತಿಲ್ಲ, ನಮ್ಮ ಊರಿನಲ್ಲಿ ಇದೇ ಜಗಳ ನಡೆದಿದೆ.

ಮಾಲೂರು, ಹಿಂದೆ ನೈವಾಶಾ

ಮೇಡಂ, ನಾನು ಮಾಲೂರಿನವನು. ಇಲ್ಲಿನ ಪಾಲಿಹೌಸ್‌ಗಳಲ್ಲಿ ಗುಲಾಬಿ ಕೆಲಸ ಕಲಿತು, 2011ರಿಂದ 2020ರವರೆಗೆ ಕೀನ್ಯಾದ ನೈವಾಶಾದ ಒಂದು ಹೂವಿನ ತೋಟದಲ್ಲಿ ಮೇಲ್ವಿಚಾರಕನಾಗಿದ್ದೆ. ನೈವಾಶಾ ಇರುವುದು ನಕುರು ಕೌಂಟಿಯಲ್ಲಿ. ಹೂ ಕತ್ತರಿಸಿ, ವಿಂಗಡಿಸಿ, ಕಟ್ಟು ಕಟ್ಟುವ ಕೈಗಳಲ್ಲಿ ಹೆಚ್ಚಿನವು ಹೆಂಗಸರದೇ. ಸರೋವರದ ದಕ್ಷಿಣಕ್ಕೆ ಕರಗಿಟಾ ಎಂಬ ವಸತಿಯಲ್ಲಿ ಅವರ ಸಾಲು ಕೋಣೆಗಳು. ಅಲ್ಲಿಯೂ ನೀರಿನದೇ ಗೋಳು, ಹಳದಿ ಕ್ಯಾನುಗಳ ಸಾಲು. ನಮ್ಮ ಕಡೆಯ ಕೊಡಗಳ ಸಾಲನ್ನು ಅಲ್ಲಿ ಕಂಡು ಮೊದಲ ದಿನವೇ ಊರು ನೆನಪಾಯಿತು.

2013 ಮತ್ತು 2017ರ ಚುನಾವಣೆಗಳು ನಾನಿದ್ದಾಗಲೇ ನಡೆದವು. ಒಬ್ಬೊಬ್ಬ ಮತದಾರನಿಗೆ ಒಂದೇ ದಿನ ಆರು ಮತಪತ್ರ. ರಾಷ್ಟ್ರಪತಿ, ಗವರ್ನರ್, ಸೆನೆಟರ್, ಸಂಸದ, ಕೌಂಟಿಗೆ ಒಬ್ಬ ಮಹಿಳಾ ಪ್ರತಿನಿಧಿ, ಕೊನೆಗೆ ವಾರ್ಡಿನ ಸದಸ್ಯ. ಈ ಮಹಿಳಾ ಪ್ರತಿನಿಧಿಯ ಸ್ಥಾನ ರಾಷ್ಟ್ರೀಯ ಸಂಸತ್ತಿನದು, 47 ಕೌಂಟಿಗೆ 47. ಗಂಡಸರೂ ಹೆಂಗಸರೂ ಸೇರಿಯೇ ಆರಿಸುತ್ತಾರೆ.

ವಾರ್ಡಿನ ವಿಷಯ ಬೇರೆ. ನಮ್ಮ ಪ್ಯಾಕಿಂಗ್ ಮನೆಯ ಮುಖ್ಯಸ್ಥೆಯೊಬ್ಬರಿಗೆ 2017ರಲ್ಲಿ ನಿಲ್ಲಬೇಕೆಂಬ ಆಸೆ ಇತ್ತು. ಅಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಹಾಗಲ್ಲ, ಪಕ್ಷದ ಚಿಹ್ನೆಯ ಮೇಲೆ ನಡೆಯುವ ಚುನಾವಣೆ. ಪಕ್ಷದೊಳಗಿನ ಆಯ್ಕೆಯಲ್ಲಿ ಗೆಲ್ಲಬೇಕು. ಅದಕ್ಕೆ ಹಣ ಬೇಕು, ರಾತ್ರಿ ತಿರುಗಾಟ ಬೇಕು. ಅವರು ಹಿಂದೆ ಸರಿದು ನಾಮನಿರ್ದೇಶನದ ಪಟ್ಟಿಗೆ ಹೆಸರು ಕೊಟ್ಟರು. ಪಟ್ಟಿಯಲ್ಲಿ ಕೆಳಗೆ ಬಿದ್ದರು, ಅಲ್ಲಿಗೆ ಮುಗಿಯಿತು. ಪಟ್ಟಿಯಿಂದ ಸಭೆಗೆ ಹೋದವರ ಬಗ್ಗೆ ಅವರು ಹೇಳುತ್ತಿದ್ದದ್ದು ಇಷ್ಟು: "ಅವಳಿಗೂ ಮತವಿದೆ, ಸಮಿತಿಯಲ್ಲಿ ಕುರ್ಚಿಯಿದೆ. ಆದರೆ ಅವಳ ಬಾಗಿಲಿಗೆ ಬಂದು ನಲ್ಲಿ ಕೇಳುವ ಊರು ಯಾವುದು?" ಕೇಳುವ ಊರಿಲ್ಲದಿದ್ದರೆ ಒಳಗೆ ಮಾತಿಗೆ ತೂಕ ಬರುವುದಿಲ್ಲ. ನಾಮನಿರ್ದೇಶನ ಬೇಡ ಎಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ನಿಮ್ಮ ಲೆಕ್ಕದಂತೆ ಸಾವಿರದ ನಾನೂರೈವತ್ತರಲ್ಲಿ ತೊಂಬತ್ತಾರೇ ಗತಿಯಾಗುತ್ತಿತ್ತು. ಆದರೆ ನಿಮ್ಮದು ಬೇರೆ. ನಿಮಗೆ ಊರಿದೆ, ಚರಂಡಿಯಿದೆ, ಮೂರನೇ ದಿನದ ನೀರಿದೆ. ಆ ಹೆಣ್ಣುಮಗಳು ಅದನ್ನೇ ಬಯಸಿದ್ದರು.

ಇನ್ನೊಂದು ವಿಷಯ. ಅಲ್ಲಿ ಕೌಂಟಿ ಸಭೆ ಜನರನ್ನು ಕೇಳದೆ ಕಾಯ್ದೆ ಮಾಡುವಂತಿಲ್ಲ, ಸಂವಿಧಾನದಲ್ಲೇ ಹಾಗಿದೆ. ಕಿಯಾಂಬು ಕೌಂಟಿ 2013ರಲ್ಲಿ ತೆರಿಗೆ, ಶುಲ್ಕಗಳ ಕಾಯ್ದೆ ಮಾಡಿತು. ಜನರನ್ನು ಸರಿಯಾಗಿ ಕೇಳಲಿಲ್ಲವೆಂದು 2014ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪತ್ರಿಕೆಯ ಪ್ರಕಟಣೆ ಸಾಲದು, ಚರ್ಚು, ಮಸೀದಿ, ದೇವಸ್ಥಾನ, ಊರ ಕೂಟ, ಸ್ಥಳೀಯ ಭಾಷೆಯ ರೇಡಿಯೊ, ಜನ ಸೇರುವ ಕಡೆಯಲ್ಲೆಲ್ಲ ಹೇಳಬೇಕು ಎಂದಿತು. ಊರ ಕೂಟಕ್ಕೆ ಅವರು ಬರಾಜಾ ಎನ್ನುತ್ತಾರೆ. ಆದರೂ ನಮ್ಮ ಹೂವಿನ ಹೆಂಗಸರಿಗೆ ಯಾವ ಸಭೆಗೂ ಹೋಗಲಾಗುತ್ತಿರಲಿಲ್ಲ, ಎಲ್ಲವೂ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಒಂದು ಸಲ ನಾನೇ ನಾಲ್ವರಿಗೆ ಅರ್ಧ ದಿನ ರಜೆ ಕೊಟ್ಟು ಕಳುಹಿಸಿದೆ. ಮೇಲಿನವರಿಂದ ಬೈಸಿಕೊಂಡೆ, ಅದಕ್ಕೆ ಬೇಸರವಿಲ್ಲ. ಈಗ ನಕುರುವಿಗೆ ಹೆಣ್ಣುಮಗಳೇ ಗವರ್ನರ್. 2022ರಲ್ಲಿ ಸೂಸನ್ ಕಿಹಿಕಾ ಗೆದ್ದ ಸುದ್ದಿಯನ್ನು ಹಳೆಯ ಸಹೋದ್ಯೋಗಿಯೊಬ್ಬರು ಮಧ್ಯರಾತ್ರಿ ಫೋನ್ ಮಾಡಿ ಹೇಳಿದರು.

ಗೌರಿಬಿದನೂರು ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯ) ಓದುವ ಹುಡುಗಿ

ಅಕ್ಕ, ನನಗೆ ಇಪ್ಪತ್ತೆರಡು. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಲು ಇಪ್ಪತ್ತೊಂದು ಸಾಕು, ಆದರೆ ಯುವಕರಿಗೆಂದು ಸ್ಥಾನವಿಲ್ಲ. ಕೀನ್ಯಾದ ಸಂವಿಧಾನ ಹದಿನೆಂಟರಿಂದ ಮೂವತ್ತೈದರೊಳಗಿನವರನ್ನು ಯುವಜನ ಎಂದು ಬೇರೆಯಾಗಿಯೇ ಹೆಸರಿಸಿದೆ. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಯುವಜನರಿಗೆ ಎರಡು ಸ್ಥಾನ, ಒಂದು ಹೆಣ್ಣಿಗೆ, ಒಂದು ಗಂಡಿಗೆ. 2022ರಲ್ಲಿ ಬೊಮೆಟ್ ಕೌಂಟಿಯ ಮಹಿಳಾ ಪ್ರತಿನಿಧಿಯಾಗಿ ಗೆದ್ದ ಲಿನೆಟ್ ಚೆಪ್ಕೊರಿರ್‌ಗೆ ಇಪ್ಪತ್ನಾಲ್ಕೇ ವರ್ಷ.

ನನ್ನನ್ನು ಹಿಡಿದದ್ದು 2024ರ ಜೂನ್. ಹಣಕಾಸು ಮಸೂದೆಯಲ್ಲಿದ್ದ ತೆರಿಗೆಗಳನ್ನು ಅಲ್ಲಿನ ಹುಡುಗ ಹುಡುಗಿಯರು ಸ್ವಾಹಿಲಿಗೆ, ತಮ್ಮ ತಮ್ಮ ತಾಯ್ನುಡಿಗೆ ತಿರುಗಿಸಿ ಮೊಬೈಲಿನಲ್ಲಿ ಹಂಚಿದರು. ಜೂನ್ 25ರಂದು ಜನ ಸಂಸತ್ತಿನೊಳಕ್ಕೇ ನುಗ್ಗಿದರು, ಗುಂಡಿಗೆ ಪ್ರಾಣಗಳು ಹೋದವು, ಮರುದಿನ ರಾಷ್ಟ್ರಪತಿ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಆ ಸಾವುಗಳನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ತಾಯ್ನುಡಿಯ ಕೆಲಸ ನಮಗೂ ಸಾಧ್ಯ. ನಮ್ಮದು ಗಡಿ ಊರು, ಮನೆಯ ಮಾತು ತೆಲುಗು. ಗ್ರಾಮ ಸಭೆಯಲ್ಲಿ ಕಚೇರಿಯ ಕನ್ನಡದಲ್ಲಿ ಕ್ರಿಯಾ ಯೋಜನೆ ಓದಿದರೆ ನಮ್ಮ ಅಜ್ಜಿಗೆ ಏನೂ ತಿಳಿಯುವುದಿಲ್ಲ. ಹೋದ ವರ್ಷ ನಾವು ಮೂವರು ಅದರ ಪ್ರತಿ ಪಡೆದು, ಸಂಜೆ ಡೈರಿಗೆ ಹಾಲು ಹಾಕಲು ಬಂದವರ ಮುಂದೆ ತೆಲುಗಿನಲ್ಲಿ ಓದಿದೆವು. ಕ್ಯಾನು ಕೆಳಗಿಟ್ಟು ನಿಂತು ಕೇಳಿದರು. ಒಂದು ರಸ್ತೆ ಎರಡು ವರ್ಷದ ಪಟ್ಟಿಯಲ್ಲೂ ಇದ್ದದ್ದನ್ನು ಹಿಡಿದವರು ಅವರೇ, ನಾವಲ್ಲ.

ಚಿಂತಾಮಣಿ ಅಣ್ಣ, ಕಾದು ಕುಳಿತ ಹುಡುಗರ ಹಾಗೆ ಕಾದು ಕುಳಿತ ಹುಡುಗಿಯರೂ ಇದ್ದೇವೆ.

ಗುಬ್ಬಿಯ ನಿವೃತ್ತ ಕಾರ್ಯದರ್ಶಿ

ಚಿಂತಾಮಣಿಯವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಲೆಕ್ಕ ಹಿಂದುಮುಂದಾಗಿದೆ. ಅರ್ಧ ಎಂಬುದು ಅದಕ್ಕಿಂತ ಕಡಿಮೆಯಾಗಬಾರದೆಂದು ಕಟ್ಟಿದ ನೆಲ, ಮೇಲಿನ ಚಾವಣಿಯಲ್ಲ. ಕೀನ್ಯಾದಲ್ಲಿ ಆ ನೆಲವನ್ನು ಸಂಸತ್ತಿಗೆ ಕಟ್ಟಲು ಕಾಯ್ದೆಯೇ ಆಗಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಸಂಸತ್ತನ್ನೇ ವಿಸರ್ಜಿಸಿ ಎಂದು ರಾಷ್ಟ್ರಪತಿಗೆ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ವಿಸರ್ಜನೆ ಆಗಲಿಲ್ಲ. ಬರೆದಿಟ್ಟ ಹಕ್ಕೂ ಹೇಗೆ ಕೂತುಬಿಡುತ್ತದೆ ನೋಡಿ.

ಶ್ರೀನಿವಾಸಪುರದ ಸದಸ್ಯೆ

ಎಲ್ಲರಿಗೂ ಧನ್ಯವಾದ. ನಿನ್ನೆ ಪಂಚಾಯಿತಿಗೆ ಹೋಗಿ ನಡಾವಳಿ ಪುಸ್ತಕ ಕೇಳಿದೆ. ನನ್ನ ವಾರ್ಡಿನ ಚರಂಡಿಯ ಠರಾವಿನಲ್ಲಿ ಸೂಚಕರು ಎಂದು ಪಕ್ಕದ ವಾರ್ಡಿನ ಗಂಡಸೊಬ್ಬರ ಹೆಸರಿದೆ. ಆ ದಿನ ಅವರು ಸಭೆಗೆ ಬಂದೇ ಇರಲಿಲ್ಲ, ತಮ್ಮನ ಮದುವೆಗೆ ಮದನಪಲ್ಲಿಗೆ ಹೋಗಿದ್ದರು. ಬಹಳ ಹೊತ್ತು ಆ ಪುಟವನ್ನು ನೋಡುತ್ತ ನಿಂತೆ. ಗುಬ್ಬಿ ಸರ್, ಐದೂ ವರ್ಷದ ಪ್ರತಿ ಬೇಕೆಂದರೆ ಹೇಗೆ ಅರ್ಜಿ ಹಾಕಬೇಕು?

ಗುಬ್ಬಿಯ ನಿವೃತ್ತ ಕಾರ್ಯದರ್ಶಿ

ಮಾಹಿತಿ ಹಕ್ಕಿನ ಅರ್ಜಿ ಕೊಡಿ ಅಮ್ಮಾ, ಶುಲ್ಕ ಹತ್ತು ರೂಪಾಯಿ. ನಡಾವಳಿಯ ಜೊತೆಗೆ ಹಾಜರಿ ಪುಸ್ತಕದ ಪ್ರತಿಯನ್ನೂ ಕೇಳಿ, ಮರೆಯಬೇಡಿ. ಮದುವೆಗೆ ಹೋದವರ ಸಹಿ ಅಲ್ಲಿ ಇದೆಯೋ ಇಲ್ಲವೋ ಮೊದಲು ನೋಡಬೇಕು. ಅರ್ಜಿಯ ಕರಡು ಇಲ್ಲಿ ಹಾಕಿದರೆ ತಿದ್ದಿ ಕೊಡುತ್ತೇನೆ.