ಹೊಸ ಮನೆಯ ಕೊನೆಯ ಚೇಂಬರ್ ಪದೇ ಪದೇ ತುಂಬುತ್ತಿದೆ: ಯುಜಿಡಿ (ನೆಲದಡಿಯ ಒಳಚರಂಡಿ) ಸಂಪರ್ಕದಲ್ಲಿ ತಪ್ಪೆಲ್ಲಿದೆ?

ಮೂವತ್ತು_ನಲವತ್ತು, ಮೈಸೂರು:
ಗುತ್ತಿಗೆದಾರರಿಗೆ ಕೊಡದೆ, ಮೇಸ್ತ್ರಿಯೊಬ್ಬರನ್ನು ಇಟ್ಟುಕೊಂಡು ನಾನೇ ಮುಂದೆ ನಿಂತು ಕಟ್ಟಿಸಿದ ಮನೆ ಇದು. ಗೃಹಪ್ರವೇಶವಾಗಿ ಮೂರು ತಿಂಗಳಾಯಿತು, ಅಷ್ಟರಲ್ಲೇ ಐದು ಸಲ ಒಳಚರಂಡಿ ಕಟ್ಟಿಕೊಂಡು, ಗೇಟಿನ ಬಳಿಯ ಕೊನೆಯ ಚೇಂಬರ್ (ಪೈಪು ಪರೀಕ್ಷಿಸಲು ಇರುವ ಮುಚ್ಚಳದ ಗುಂಡಿ) ತುಂಬಿದೆ. ಬೆಳಿಗ್ಗೆ ಇಬ್ಬರ ಸ್ನಾನ ಮುಗಿಯುವ ಹೊತ್ತಿಗೆ ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ನೀರು ಇಳಿಯುವ ಜಾಲರಿಯ ಬಾಯಿ) ಗುಳುಗುಳು ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಅಂಗಳದ ಗಲ್ಲಿ ಟ್ರ್ಯಾಪಿನಿಂದ (ಬಚ್ಚಲು, ಅಡುಗೆಮನೆಯ ನೀರು ಹೊರಗೆ ಬಂದು ಸೇರುವ ಗುಂಡಿ) ಕಪ್ಪು ನೀರು ಉಕ್ಕಿ ತುಳಸಿಕಟ್ಟೆಯ ಬುಡದವರೆಗೆ ಹರಿಯುತ್ತದೆ. ಪ್ಲಂಬರ್ ಬಂದು ರಾಡ್ ಹಾಕಿ ಬಿಡಿಸಿದರೆ ಹತ್ತು ಹದಿನೈದು ದಿನ ಸರಾಗ, ಆಮೇಲೆ ಮತ್ತೆ ಅದೇ ಪಾಡು. ಪೈಪು ಒಳ್ಳೆಯದೇ, ಇಳಿಜಾರೂ ಸರಿಯಾಗಿದೆ. ವಯಸ್ಸಾದ ತಾಯಿ ಆ ನೀರು ದಾಟಿಕೊಂಡು ದೇವರ ಹೂವು ಕೀಳಲು ಹೋಗುವುದನ್ನು ನೋಡಲಾಗುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಗಾರೆ_ಕರಣೆ:
ಪೈಪು ಎಷ್ಟು ಇಂಚಿನದು ಎಂದು ನೀವು ಬರೆದಿಲ್ಲ. 4 ಇಂಚಿನದಾಗಿದ್ದರೆ ಉತ್ತರ ಅಲ್ಲೇ ಇದೆ. ಗೇಟಿನಿಂದ ಮ್ಯಾನ್‌ಹೋಲ್‌ವರೆಗೆ 6 ಇಂಚಿನದೇ ಹಾಕಬೇಕು. ನಮ್ಮ ಮನೆಗೆ 6 ಇಂಚಿನದು ಹಾಕಿಸಿ ಒಂಬತ್ತು ವರ್ಷವಾಯಿತು, ಒಂದು ದಿನವೂ ರಾಡ್ ಹಾಕಿದ್ದಿಲ್ಲ.

ಹಾಸನದ_ಸಿವಿಲ್:
ಒಂದೇ ಕುಟುಂಬದ ಮನೆಗೆ 4 ಇಂಚು ಧಾರಾಳವಾಗಿ ಸಾಕು. ದೊಡ್ಡ ಪೈಪಿನಲ್ಲಿ ಕಡಿಮೆ ನೀರು ತಳಕ್ಕಂಟಿ ತೆಳ್ಳಗೆ ಹರಿಯುವುದರಿಂದ ಘನ ಪದಾರ್ಥ ತೇಲದೆ ಅಲ್ಲಲ್ಲೇ ಕೂರುತ್ತದೆ. ನನಗೆ ಅನುಮಾನವಿರುವುದು ಇಳಿಜಾರಿನ ಮೇಲೆ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ, 6 ಇಂಚಿಗೆ 60 ಅಡಿಗೆ 1 ಅಡಿ ಎಂಬುದು ಹಳೆಯ ಲೆಕ್ಕವಾದರೂ ಇಂದಿಗೂ ಕೈಬಿಡುವುದಿಲ್ಲ. ನೀರು ಸೆಕೆಂಡಿಗೆ ಸುಮಾರು 0.75 ಮೀಟರ್ ವೇಗದಲ್ಲಿ ಓಡಿದರೆ ಮಾತ್ರ ಪೈಪು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ‘ಇಳಿಜಾರು ಸರಿಯಾಗಿದೆ’ ಎಂದು ಮೇಸ್ತ್ರಿ ಹೇಳಿದರೇ ಅಥವಾ ನೀವೇ ಅಳೆದಿರೇ? ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಅಳೆದು ಅಂಕಿ ಹಾಕಿ.

ಮಲೆನಾಡ_ಮಾಳಿಗೆ:
ಗುಳುಗುಳು ಶಬ್ದ ಬರುತ್ತಿದೆ ಎಂದರೆ ಗಾಳಿ ಹೊರಹೋಗಲು ದಾರಿಯಿಲ್ಲ ಎಂದರ್ಥ. ವೆಂಟ್ ಪೈಪು ತಾರಸಿಯ ಮೇಲಿನವರೆಗೆ ಹೋಗಿದೆಯೇ? ಅದಿಲ್ಲದ ಮನೆಯಲ್ಲಿ ಬೇರೆ ಏನು ಮಾಡಿದರೂ ವ್ಯರ್ಥ. ತಾರಸಿಯ ಮಳೆನೀರನ್ನು ಇದೇ ಚೇಂಬರಿಗೆ ಬಿಟ್ಟಿಲ್ಲ ತಾನೇ? ಯುಜಿಡಿಗೆ ಮಳೆನೀರು ಬಿಡುವಂತಿಲ್ಲ.

ಮೂವತ್ತು_ನಲವತ್ತು:
ಪೈಪು 4 ಇಂಚಿನದು. ವೆಂಟ್ ಪೈಪು ತಾರಸಿಗಿಂತ ಐದು ಅಡಿ ಮೇಲಿದೆ, ಮಳೆನೀರು ಬೇರೆಯಾಗಿ ರಸ್ತೆಬದಿಯ ಚರಂಡಿಗೆ ಹೋಗುತ್ತದೆ. ನಿನ್ನೆ ಪಕ್ಕದ ಮನೆಯವರ ಮೇಸ್ತ್ರಿಯನ್ನು ಕರೆದು ಅಳೆಸಿದೆ. ರಸ್ತೆಯ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡರೆ ಕೊನೆಯ ಚೇಂಬರಿನಲ್ಲಿ ಪೈಪಿನ ಒಳತಳ 22 ಇಂಚು ಕೆಳಗಿದೆ, ಮ್ಯಾನ್‌ಹೋಲ್‌ಗೆ ಸೇರುವಲ್ಲಿ 36 ಇಂಚು ಕೆಳಗಿದೆ. ನಡುವಿನ ದೂರ 42 ಅಡಿ.

ಹಾಸನದ_ಸಿವಿಲ್:
42 ಅಡಿಗೆ 14 ಇಂಚು ಎಂದರೆ 36ಕ್ಕೆ 1. ಇದು ಬೇಕಾದುದಕ್ಕಿಂತ ಹೆಚ್ಚೇ ಇದೆ. ಮತ್ತೊಮ್ಮೆ ಅಳೆಯಿರಿ, ಟ್ಯೂಬಿನೊಳಗೆ ಗಾಳಿಗುಳ್ಳೆ ಸೇರಿದ್ದರೆ ಮಟ್ಟ ತಪ್ಪಾಗಿ ತೋರಿಸುತ್ತದೆ.

ಮಲೆನಾಡ_ಮಾಳಿಗೆ:
ನಾನು ಹೇಳಿದ ವೆಂಟ್‌ನ ವಿಷಯವನ್ನು ಯಾರೂ ಗಣನೆಗೆ ತೆಗೆದುಕೊಳ್ಳುತ್ತಿಲ್ಲ. ಪೈಪು ಮೇಲಿನವರೆಗೆ ಹೋಗಿದ್ದರೂ ಒಳಗೆ ಹಕ್ಕಿ ಗೂಡು ಕಟ್ಟಿರಬಹುದು, ಬಾಯಿಗೆ ಜಾಲರಿ ಇದೆಯೇ ನೋಡಿ.

ನೀರು_ಮಟ್ಟ:
ಚೇಂಬರಿನ ಮುಚ್ಚಳ ತೆರೆದಿಟ್ಟಾಗಲೂ ನೀರು ಕದಲದೆ ನಿಲ್ಲುವುದಾದರೆ ಅದು ಗಾಳಿಯ ತೊಂದರೆಯಲ್ಲ, ಏಕೆಂದರೆ ಆಗ ಗಾಳಿಗೆ ಇಡೀ ಬಾಯೇ ತೆರೆದಿರುತ್ತದೆ. ಗುಳುಗುಳು ಶಬ್ದವು ಕಟ್ಟಿಕೊಂಡ ನೀರಿನ ಫಲವೇ ಹೊರತು ಕಾರಣವಲ್ಲ. ಮೂವತ್ತು_ನಲವತ್ತು ಅವರೇ, ಒಂದು ವಿಷಯ ತಿಳಿಸಿ. ಪ್ಲಂಬರ್ ರಾಡ್ ತಳ್ಳುವಾಗ ಅದು ಎಷ್ಟು ಅಡಿಗೆ ಹೋಗಿ ನಿಲ್ಲುತ್ತದೆ? ಪ್ರತಿ ಸಲವೂ ಒಂದೇ ಕಡೆಯೇ?

ಗಾರೆ_ಕರಣೆ:
6 ಇಂಚಿನ ಪೈಪಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮಲ್ಲಿ ಪ್ರತಿ ತಿರುವಿಗೂ ಒಂದು ಚೇಂಬರ್, ಪ್ರತಿ ಚೇಂಬರಿಗೂ ಎರಕದ ಕಬ್ಬಿಣದ ಮುಚ್ಚಳ. ಒಳಗೆ ನಯವಾಗಿ ಗಿಲಾವು ಮಾಡಿಸಿ ತಳದಲ್ಲಿ ಅರ್ಧವೃತ್ತದ ಕಾಲುವೆಯನ್ನೂ ತಿದ್ದಿಸಿದ್ದೇನೆ.

ಮೂವತ್ತು_ನಲವತ್ತು:
ಪ್ರತಿ ಸಲವೂ ಸುಮಾರು 18 ಅಡಿಗೆ ರಾಡ್ ನಿಲ್ಲುತ್ತದೆ. ಪ್ಲಂಬರ್ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಬಲವಾಗಿ ತಳ್ಳಿದ ಮೇಲೆ ಮುಂದೆ ಹೋಗುತ್ತದೆ. ಅಲ್ಲಿ ಪೈಪಿನ ಜಾಯಿಂಟ್ ಇರಬೇಕೆಂದುಕೊಂಡು ಸುಮ್ಮನಿದ್ದೆ.

ನೀರು_ಮಟ್ಟ:
ಗೇಟಿನಿಂದ 18 ಅಡಿಗೆ ನೆಲದ ಮೇಲೆ ಏನಿದೆ?

ಮೂವತ್ತು_ನಲವತ್ತು:
ರಸ್ತೆಬದಿಯ ಮಳೆನೀರಿನ ಚರಂಡಿ ಇದೆ. ನಮ್ಮ ಗೇಟಿನ ಮುಂದೆ ಅಗಲವಾದ ಪಾದಚಾರಿ ಜಾಗವಿದ್ದು ಅದಾದ ಮೇಲೆ ಚರಂಡಿ ಬರುತ್ತದೆ. ಅದರ ಕಾಂಕ್ರೀಟ್ ತಳದ ಅಡಿಭಾಗ ರಸ್ತೆಯ ಮಟ್ಟದಿಂದ 30 ಇಂಚು ಕೆಳಗಿದೆ.

ನೀರು_ಮಟ್ಟ:
ಹಾಗಾದರೆ ಲೆಕ್ಕ ಹಾಕಿ ನೋಡೋಣ. 22 ಇಂಚಿನಲ್ಲಿ ಹೊರಟ ಪೈಪು 36ಕ್ಕೆ 1ರಂತೆ ನೇರವಾಗಿ ಇಳಿದಿದ್ದರೆ 18 ಅಡಿಯಲ್ಲಿ ಅದರ ಒಳತಳ 28 ಇಂಚಿನಲ್ಲಿರಬೇಕಿತ್ತು, ಅಂದರೆ ಚರಂಡಿಯ ಕಾಂಕ್ರೀಟಿಗೇ ಹೊಡೆಯಬೇಕಿತ್ತು. ಅದು ಹೊಡೆದಿಲ್ಲವೆಂದರೆ ನಿಮ್ಮ ಮೇಸ್ತ್ರಿ ಪೈಪನ್ನು ಚರಂಡಿಯ ಕೆಳಗೆ ಬಗ್ಗಿಸಿ ನುಗ್ಗಿಸಿ, ದಾಟಿದ ಮೇಲೆ ಮತ್ತೆ ಮೇಲಕ್ಕೆತ್ತಿ ಮ್ಯಾನ್‌ಹೋಲ್‌ಗೆ ಸೇರಿಸಿರಬೇಕು. ಎರಡು ತುದಿಗಳ ನಡುವಿನ ಇಳಿಜಾರು ಎಷ್ಟೇ ಸರಿಯಾಗಿ ಕಂಡರೂ ನಡುವೆ ತೊಟ್ಟಿಯಂಥ ತಗ್ಗೊಂದು ಉಳಿದುಬಿಟ್ಟರೆ ಅಲ್ಲಿ ನೀರು ಸದಾ ನಿಂತು, ಕೂದಲು, ಸೋಪಿನ ಜಿಡ್ಡು ಮತ್ತು ಮಲ ಒಂದರ ಮೇಲೊಂದು ಕೂರುತ್ತವೆ.

ಖಚಿತಪಡಿಸಿಕೊಳ್ಳಲು ಕನ್ನಡಿ ಸಾಕು. ನಗರಪಾಲಿಕೆಯ ಸಿಬ್ಬಂದಿಯಿಂದ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ, ಹಗ್ಗಕ್ಕೆ ಕಟ್ಟಿದ ಟಾರ್ಚನ್ನು ಪೈಪಿನ ಬಾಯಿಯ ಮಟ್ಟಕ್ಕೆ ಇಳಿಸಿ, ಈ ತುದಿಯ ಚೇಂಬರಿನಲ್ಲಿ ಕನ್ನಡಿಯನ್ನು ಓರೆಯಾಗಿ ಹಿಡಿಯಿರಿ. ಪೈಪು ನೇರವಾಗಿದ್ದರೆ ಬೆಳಕು ದುಂಡಗೆ ಕಾಣುತ್ತದೆ, ಸ್ವಲ್ಪ ಜಗ್ಗಿದ್ದರೆ ಅರ್ಧಚಂದ್ರದಂತೆ ಕಾಣುತ್ತದೆ. ಏನೇನೂ ಕಾಣದಿದ್ದರೆ ನಾನು ಹೇಳಿದ್ದೇ ಸರಿ. ಆದರೆ ಯಾವ ಕಾರಣಕ್ಕೂ ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಾಣ ತೆಗೆಯಬಲ್ಲದು. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ, ಸುರಕ್ಷತಾ ಸಾಧನಗಳಿಲ್ಲದೆ ಸ್ವಚ್ಛಗೊಳಿಸಲು ಯಾರನ್ನಾದರೂ ಇಳಿಸುವುದು ಅಪರಾಧವೂ ಹೌದು.

ಹಾಸನದ_ಸಿವಿಲ್:
ತುದಿಯಿಂದ ತುದಿಗೆ ಲೆಕ್ಕ ಹಾಕಿ ನಾನು ಅಲ್ಲಿಗೇ ನಿಂತುಬಿಟ್ಟೆ, ನಡುವಿನ ಮಾರ್ಗವನ್ನು ಕೇಳಬೇಕಿತ್ತು. ಮ್ಯಾನ್‌ಹೋಲ್ ತಳ ಎಷ್ಟು ಆಳವಿದೆ?

ಮೂವತ್ತು_ನಲವತ್ತು:
ಕನ್ನಡಿಯಲ್ಲಿ ಬರೀ ಕತ್ತಲೆ. ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ. ‘ಚರಂಡಿ ಅಡ್ಡ ಬಂತು ಸಾರ್, 45 ಡಿಗ್ರಿಯ ಬೆಂಡ್ ಎರಡು ಕೆಳಕ್ಕೆ, ಎರಡು ಮೇಲಕ್ಕೆ ಹಾಕಿದ್ದೀನಿ’ ಎಂದರು. ಅದು ತಪ್ಪೆಂದು ಅವರಿಗೆ ಇಂದಿಗೂ ಅನಿಸಿಲ್ಲ. ಪೈಪು ಹೂಳಿದ ದಿನ ನಾನು ಊರಿನಲ್ಲಿರಲಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ಮ್ಯಾನ್‌ಹೋಲ್‌ನೊಳಗೆ ಮುಖ್ಯ ಕೊಳವೆಯಲ್ಲಿ ನೀರು ಹರಿಯುವ ಮಟ್ಟ ರಸ್ತೆಯಿಂದ 66 ಇಂಚು ಕೆಳಗಿದೆ.

ಹಾಸನದ_ಸಿವಿಲ್:
ಅಷ್ಟು ಆಳವಿರುವುದು ನಿಮ್ಮ ಪುಣ್ಯ. ಕೊನೆಯ ಚೇಂಬರನ್ನು ಒಡೆದು, ಹೊರಡುವ ಪೈಪಿನ ಒಳತಳವನ್ನು 32 ಇಂಚಿಗೆ ಇಳಿಸಿ. ಅಲ್ಲಿಂದ 40ಕ್ಕೆ 1ರಂತೆ ಹೋದರೆ ಚರಂಡಿಯ ಬಳಿ 37 ಇಂಚು ದಾಟುತ್ತದೆ, ಪೈಪಿನ ನೆತ್ತಿಗೂ ಚರಂಡಿಯ ತಳಕ್ಕೂ ಮೂರು ಇಂಚು ಸಂದು ಸಿಗುತ್ತದೆ. ಮ್ಯಾನ್‌ಹೋಲ್ ತಲುಪುವಾಗ ಸುಮಾರು 45 ಇಂಚಿನಲ್ಲಿರುತ್ತದೆ, ಅಂದರೆ ಮುಖ್ಯ ಕೊಳವೆಗಿಂತ ಇನ್ನೂ ಮೇಲೆಯೇ. ಚರಂಡಿಯ ಕೆಳಗಿನ ಭಾಗಕ್ಕೆ ಸುತ್ತ ಕಾಂಕ್ರೀಟ್ ತುಂಬಿಸಿ. ಮನೆಯೊಳಗೆ ಬಳಸುವ ತೆಳು ಪೈಪು ಇಲ್ಲಿ ಬೇಡ, ನೆಲದಡಿಯ ಒಳಚರಂಡಿಗೆಂದೇ ಬರುವ, ಐಎಸ್ 15328 ಎಂದು ಅಚ್ಚಾಗಿರುವ ಪೈಪನ್ನು ಕೇಳಿ ತನ್ನಿ.

ಗಾರೆ_ಕರಣೆ:
ಹೇಗೂ ರಸ್ತೆ ಅಗೆಯುತ್ತೀರಿ, 6 ಇಂಚಿನದೇ ಹಾಕಿಬಿಡಿ.

ನೀರು_ಮಟ್ಟ:
6 ಇಂಚಿನ ಪೈಪು ಹಾಕಿದರೆ ಚರಂಡಿಯ ಕೆಳಗೆ ಉಳಿದಿರುವ ಮೂರು ಇಂಚಿನ ಸಂದಿನಲ್ಲಿ ಎರಡು ಇಂಚು ಹೋಗುತ್ತದೆ. ಅದಕ್ಕಿಂತ ಮುಖ್ಯವಾದುದು ಚೇಂಬರಿನ ಒಳಗಿನ ಜಿಗಿತ. ಮನೆಯ ಕಡೆಯ ಪೈಪು 22 ಇಂಚಿನಲ್ಲೇ ಉಳಿಯುವುದರಿಂದ ನೀರು ಹತ್ತು ಇಂಚು ಎತ್ತರದಿಂದ ಬಿದ್ದು ಗೋಡೆಗೆಲ್ಲ ಸಿಡಿಯುತ್ತದೆ. ಅಲ್ಲೊಂದು ಟೀ (T ಆಕಾರದ ಜೋಡಣೆ) ಮತ್ತು ಬೆಂಡ್ ಹಾಕಿ, ಪೈಪಿನೊಳಗೇ ಇಳಿದು ತಳದ ಕಾಲುವೆ ಸೇರುವಂತೆ ಮಾಡಿ.

ಮೂವತ್ತು_ನಲವತ್ತು:
ರಸ್ತೆ ಅಗೆತದ ಅನುಮತಿ ಸಿಕ್ಕು ಕಳೆದ ವಾರ ಕೆಲಸ ಮುಗಿಯಿತು. ತೆಗೆದ ಹಳೆಯ ಬೆಂಡನ್ನು ಅಂಗಳದಲ್ಲಿ ಗರಗಸದಿಂದ ಸೀಳಿ ನೋಡಿದೆ. ತಳದಲ್ಲಿ ಟೈಲ್ಸ್ ಕೂರಿಸುವಾಗ ತೊಳೆದುಬಿಟ್ಟ ಸಿಮೆಂಟು ಕಲ್ಲಾಗಿ ಹೆಪ್ಪುಗಟ್ಟಿತ್ತು. ಆ ಒರಟಿಗೆ ಕೂದಲು ಸಿಕ್ಕಿಕೊಂಡು, ಅದರ ಮೇಲೆ ಬೆಣ್ಣೆಯಂತೆ ಬಿಳಿಯ ಜಿಡ್ಡು ಎರಡು ಬೆರಳು ದಪ್ಪಕ್ಕೆ ಕೂತಿತ್ತು. ಹೊಸ ಪೈಪು ಹೂಳುವ ಮೊದಲು ಮತ್ತೆ ಕನ್ನಡಿ ಹಿಡಿದಾಗ ಟಾರ್ಚಿನ ಬೆಳಕು ಪೂರ್ತಿ ದುಂಡಗೆ ಕಂಡಿತು. ತಾಯಿಯೂ ಬಂದು ಬಗ್ಗಿ ನೋಡಿದರು. ಮಣ್ಣು ಮುಚ್ಚಿದ್ದೇನೆ, ಡಾಂಬರು ಇನ್ನೂ ಹಾಕಿಸಿಲ್ಲ.

ಹಾಸನದ_ಸಿವಿಲ್:
ಡಾಂಬರಿಗೆ ಅವಸರಪಡಬೇಡಿ. ಮಣ್ಣನ್ನು ಒಂದೇ ಸಲ ಸುರಿದಿದ್ದರೆ ಮೇಲಿನ ಒಂದೂವರೆ ಅಡಿಯನ್ನಾದರೂ ತೆಗೆದು, ಆರಾರು ಇಂಚಿನ ಪದರಗಳಲ್ಲಿ ನೀರು ಹಾಯಿಸಿ ದಿಮ್ಮಸು ಬಡಿಸಿ. ಪೈಪಿನ ಪಕ್ಕಗಳಿಗೆ ಮರಳು ತುಂಬಿದ್ದೀರಾ?

ಮೂವತ್ತು_ನಲವತ್ತು:
ತಳಕ್ಕೆ ಹಾಕಿದ್ದೇವೆ, ಪಕ್ಕಗಳಿಗೆ ಹಾಕಿಲ್ಲ. ನಾಳೆ ಮತ್ತೆ ಅಗೆಸುತ್ತೇನೆ.